ಹಗಲು ಮನೆಯಲ್ಲಿ ಉಳಿಯುವವರು

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನಮ್ಮ ಬಳಗದವರ ಫೋನುಗಳಿಗೆ ಬಿಡುವಿರುವುದಿಲ್ಲ. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ, ಮಂಗಳೂರಿನಿಂದ, ಕೆಲವೊಮ್ಮೆ ಹೈದರಾಬಾದಿನಿಂದಲೂ, ಮುಂಬಯಿಗೆ ವರ್ಗವಾದವರು ಅಥವಾ ಹೊಸ ಕೆಲಸ ಹಿಡಿದವರು ಯಾರದೋ ಪರಿಚಯ ಹೇಳಿಕೊಂಡು ಮಾತಿಗೆ ತೊಡಗುತ್ತಾರೆ. ಕುಶಲಪ್ರಶ್ನೆ ಮುಗಿಯುವ ಮೊದಲೇ ಅಸಲು ಪ್ರಶ್ನೆ ಬಂದುಬಿಡುತ್ತದೆ: “ಸರ್, ಎಲ್ಲಿ ಮನೆ ಮಾಡಿದರೆ ಒಳ್ಳೆಯದು? ಥಾಣೆಯೋ, ಡೊಂಬಿವಲಿಯೋ, ಕಲ್ಯಾಣವೋ, ನವಿ ಮುಂಬಯಿಯೋ?” ದಾದರ್, ಮಾಟುಂಗಾಗಳ ಮಾತನ್ನು ಅವರು ಎತ್ತುವುದೇ ಇಲ್ಲ. ಅಲ್ಲಿನ ಬಾಡಿಗೆ ಕೇಳಿ ಆ ಆಸೆಯನ್ನು ಊರಿನಲ್ಲೇ ಬಿಟ್ಟು ಬಂದಿರುತ್ತಾರೆ.

ನಮ್ಮ ಬಳಗ ಚಿಕ್ಕದು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಒಂದು ಪುಸ್ತಕದ ಬಗ್ಗೆ ಮಾತಾಡಿ, ಅವಲಕ್ಕಿ ತಿಂದು ಚದುರುವ ಹನ್ನೊಂದು ಮಂದಿ ನಾವು. ನಾಲ್ವರು ಡೊಂಬಿವಲಿಯವರು, ಮೂವರು ನವಿ ಮುಂಬಯಿಯವರು, ಥಾಣೆ ಮತ್ತು ಕಲ್ಯಾಣಗಳಿಂದ ಇಬ್ಬಿಬ್ಬರು. ಹೀಗಾಗಿ ಒಂದೇ ಪ್ರಶ್ನೆಗೆ ನಾಲ್ಕು ಉತ್ತರಗಳು ಹೋಗುತ್ತವೆ. ಪ್ರತಿಯೊಬ್ಬರೂ ತಾವಿರುವ ಊರನ್ನೇ ಹೊಗಳುತ್ತೇವೆ. ಇಪ್ಪತ್ತು ವರ್ಷ ಸಾಲ ತೀರಿಸಿದ ಮನೆಯನ್ನು ಯಾರು ತಾನೆ ತೆಗಳಿಯಾರು? ಆದರೆ ಕಳೆದ ಕೆಲವು ತಿಂಗಳುಗಳಿಂದ ಈ ಕುರಿತು ನಮ್ಮೊಳಗೇ ನಡೆದ ಚರ್ಚೆಯಲ್ಲಿ ಒಂದು ಮಾತಿಗೆ ಎಲ್ಲರೂ ಒಪ್ಪಿದ್ದೇವೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಫೋನು ಮಾಡುವವರು ತಮ್ಮ ಬಳಿ ಒಂದು ಪಟ್ಟಿಯನ್ನು ಸಿದ್ಧಮಾಡಿಕೊಂಡಿರುತ್ತಾರೆ. ಚದರಡಿಗೆ ಎಷ್ಟು, ಬಾಡಿಗೆ ಎಷ್ಟು, ನಿಲ್ದಾಣಕ್ಕೆ ಎಷ್ಟು ನಿಮಿಷ, ಕಚೇರಿಗೆ ಎಷ್ಟು ನಿಮಿಷ, ಶಾಲೆ ಯಾವ ಬೋರ್ಡಿನದು, ಮಾಲ್ ಎಷ್ಟು ದೂರ. ಈ ಕಾಲಂಗಳೆಲ್ಲ ಬೆಳಗ್ಗೆ ಮನೆಯಿಂದ ಹೊರಬೀಳುವವನ ಲೆಕ್ಕ. ಅವನು ಹೊರಟ ಮೇಲೆ ಮನೆಯಲ್ಲಿ ಹತ್ತು ಹನ್ನೆರಡು ಗಂಟೆ ಉಳಿಯುವವರ ಲೆಕ್ಕ ಯಾವ ಕಾಲಂನಲ್ಲೂ ಇರುವುದಿಲ್ಲ. ತಂದೆ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿಸಿ ಕರೆತಂದ ತಾಯಿ, ಮಗುವಿಗಾಗಿ ಕೆಲಸ ಬಿಟ್ಟ ಹೆಂಡತಿ, ಶಾಲೆಯಿಂದ ಮಧ್ಯಾಹ್ನವೇ ಮರಳುವ ಮಗು, ಇವರಿಗೆ ಮನೆಯೆಂದರೆ ರಾತ್ರಿ ತಲೆ ಚಾಚುವ ಜಾಗವಲ್ಲ. ಅವರ ಇಡೀ ಊರೇ ಅದು. ಮನೆಯನ್ನು ಇವರಿಗಾಗಿ ಹುಡುಕಬೇಕು, ಕಚೇರಿಗೆ ಹೋಗುವವನಿಗಾಗಿ ಅಲ್ಲ ಎಂಬುದು ನಮ್ಮ ನಿಲುವು. ಅವನು ಹೇಗೂ ಗಾಡಿ ಹಿಡಿಯುತ್ತಾನೆ.

ನಮ್ಮ ಹಿರಿಯರಿಗೆ ಈ ಆಯ್ಕೆಯ ಕಷ್ಟವೇ ಇರಲಿಲ್ಲ. ಘಟ್ಟದ ಕೆಳಗಿನಿಂದ ಹೋಟೆಲಿನ ಕೆಲಸಕ್ಕೆ ಬಂದ ಹುಡುಗರು ಹೋಟೆಲಿನ ಬೆಂಚುಗಳ ಮೇಲೆ ಮಲಗಿ, ಕೋಟೆ ಪ್ರದೇಶದ ರಾತ್ರಿಶಾಲೆಗಳಲ್ಲಿ ಓದಿ ದೊಡ್ಡವರಾದರು. ಮೊಗವೀರರು 1902ರಷ್ಟು ಹಿಂದೆಯೇ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡಿದ್ದರು. ಮೈಸೂರಿನ ಕಡೆಯಿಂದ ಬಂದವರು 1926ರಲ್ಲಿ ಮೈಸೂರು ಅಸೋಸಿಯೇಶನ್ ಸ್ಥಾಪಿಸಿದರು. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಮಾಹಿಮಿನ ಕರ್ನಾಟಕ ಸಂಘ, ವಡಾಲದ ಕನ್ನಡ ಶಾಲೆ, ಸಯನ್ನಿನ ಗೋಕುಲ, ಎಲ್ಲವೂ ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಆ ಕಾಲದಲ್ಲಿ ಕನ್ನಡಿಗನ ಮನೆ ಮತ್ತು ಕನ್ನಡದ ವೇದಿಕೆ ಒಂದೇ ಸೀಮೆಯಲ್ಲಿದ್ದವು.

ಮುಂದೆ ಮಕ್ಕಳು ದೊಡ್ಡವರಾದಾಗ ಚಾಳಿನ ಒಂದು ಕೋಣೆ ಸಾಲದಾಯಿತು. ಕೈಗೆಟಕುವ ಎರಡು ಕೋಣೆಯ ಮನೆ ಸಿಗುತ್ತಿದ್ದುದು ರೈಲುಹಳಿಯ ತುದಿಯಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಓಡಿದ ಗಾಡಿಯ ಹಳಿ, ಮರುವರ್ಷವೇ ಖಾಡಿ ದಾಟಿ ಕಲ್ಯಾಣ ಮುಟ್ಟಿತ್ತು. ನೂರು ವರ್ಷಗಳ ನಂತರ ನಮ್ಮವರು ಅದೇ ಹಳಿಯ ಗುಂಟ ಮುಲುಂಡ್, ಥಾಣೆ, ಡೊಂಬಿವಲಿ ಎಂದು ಸರಿಯುತ್ತ ಹೋದರು. ಮನೆ ಸರಿಯಿತು, ಸಂಘಗಳ ಕಟ್ಟಡಗಳು ಸರಿಯಲಿಲ್ಲ. ಇಂದಿಗೂ ಮಾಟುಂಗಾ, ಮಾಹಿಮುಗಳ ಸಭೆಯಲ್ಲಿ ಎಂಟು ಗಂಟೆಯಾಗುತ್ತಲೇ ಹಿಂದಿನ ಸಾಲುಗಳಲ್ಲಿ ಕುರ್ಚಿ ಸರಿಯುವ ಸದ್ದು ಕೇಳಿಸುತ್ತದೆ. ಕೊನೆಯ ಭಾಷಣಕಾರ ಎದ್ದು ನಿಲ್ಲುವ ಹೊತ್ತಿಗೆ ಡೊಂಬಿವಲಿಯವರೂ ಪನ್ವೇಲಿನವರೂ ನಿಲ್ದಾಣದ ದಾರಿಯಲ್ಲಿರುತ್ತಾರೆ. ಅಧ್ಯಕ್ಷರ ಮಾತನ್ನು ಪೂರ್ತಿ ಕೇಳಿದ ನೆನಪು ನಮ್ಮಲ್ಲಿ ಯಾರಿಗೂ ಇಲ್ಲ. (ಅದರಿಂದ ಹೆಚ್ಚು ನಷ್ಟವಾಗಿಲ್ಲ ಎನ್ನುವವರೂ ನಮ್ಮಲ್ಲಿದ್ದಾರೆ.)

ಈಗ ಊರುಗಳ ಮಾತಿಗೆ ಬರೋಣ. 2011ರ ಜನಗಣತಿಯ ಹೊತ್ತಿಗೇ ಥಾಣೆ ನಗರದ ಜನಸಂಖ್ಯೆ 18 ಲಕ್ಷ, ಕಲ್ಯಾಣ–ಡೊಂಬಿವಲಿ ಸೇರಿ 12 ಲಕ್ಷ, ನವಿ ಮುಂಬಯಿ 11 ಲಕ್ಷ ದಾಟಿತ್ತು. ಇವುಗಳನ್ನು ಇನ್ನೂ ಉಪನಗರಗಳೆಂದು ಕರೆಯುವುದು ಅಭ್ಯಾಸಬಲವೇ ಹೊರತು ಬೇರೇನಲ್ಲ.

ಡೊಂಬಿವಲಿಯ ಬಗ್ಗೆ ನಮಗೆ ಹೆಚ್ಚು ಹೇಳುವುದಿದೆ. ಕಾರಣ ಅಲ್ಲಿ ಹೆಚ್ಚು ಮಂದಿ ಇದ್ದೇವೆ ಎಂಬುದಷ್ಟೇ ಅಲ್ಲ. ಹೊಸಬರು ಈ ಊರನ್ನು ಮೊದಲ ಬಾರಿ ಕಂಡಾಗ ಮುಖ ಕಿವುಚುತ್ತಾರೆ. ನಿಲ್ದಾಣದಿಂದ ಹೊರಬಿದ್ದರೆ ರಿಕ್ಷಾಗಳ ಗೊಂದಲ, ತರಕಾರಿ ಗಾಡಿಗಳು, ಮೈಗೆ ಮೈ ತಾಗುವ ಜನ. ನಡೆಯಲು ಪಾದಚಾರಿ ಮಾರ್ಗವೆಂಬುದು ಇಲ್ಲವೆನ್ನುವಷ್ಟು ವಿರಳ. ಆದರೆ ಹಳೆಯ ಡೊಂಬಿವಲಿ ಪೂರ್ವದಲ್ಲಿ ಮೂರು ನಾಲ್ಕು ಮಾಳಿಗೆಯ ಕಟ್ಟಡಗಳ ಸಾಲಿನಲ್ಲಿ ಒಂದು ಮಧ್ಯಾಹ್ನ ಕಳೆದು ನೋಡಬೇಕು. ನಾಲ್ಕು ಗಂಟೆಗೆ ಹಿರಿಯರು ಒಬ್ಬೊಬ್ಬರಾಗಿ ಕೆಳಗಿಳಿದು ಕಟ್ಟೆಯ ಮೇಲೆ ಕೂರುತ್ತಾರೆ. ಮರಾಠಿ, ಕೊಂಕಣಿ, ತುಳು, ಕನ್ನಡ, ಗುಜರಾತಿ ಎಲ್ಲ ಅಲ್ಲಿ ಕಲಸುಮೇಲೋಗರ. ಕಿರಾಣಿ ಅಂಗಡಿಯಾತನಿಗೆ ಯಾರ ಮನೆಗೆ ಯಾವ ಅಕ್ಕಿ ಎಂದು ಗೊತ್ತು. ಔಷಧಿ ಅಂಗಡಿ, ಡಾಕ್ಟರು, ದೇವಸ್ಥಾನ, ಗಿರಣಿ, ಎಲ್ಲವೂ ಐದು ನಿಮಿಷದ ನಡಿಗೆ. ಗಣೇಶ ಮಂದಿರದ ಆಶ್ರಯದಲ್ಲಿ 1999ರಲ್ಲಿ ಆರಂಭವಾದ ಯುಗಾದಿಯ ಶೋಭಾಯಾತ್ರೆ ಈಗ ಮಹಾರಾಷ್ಟ್ರದ ಅನೇಕ ಊರುಗಳಿಗೆ ಹಬ್ಬಿದೆ. 2017ರಲ್ಲಿ ತೊಂಬತ್ತನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದೂ ಇಲ್ಲಿಯೇ. 1986ರಲ್ಲಿ ಶುರುವಾದ ಪೈ ಫ್ರೆಂಡ್ಸ್ ಲೈಬ್ರರಿ ಓದಿದ ಪುಸ್ತಕಗಳ ವಿನಿಮಯದ ಮೇಳವನ್ನೇ ಮಾಡುತ್ತದೆ. ಓದುವ ನೆರೆಹೊರೆ ಇರುವ ಊರು ಇದು. ನಮ್ಮವರ ಕರ್ನಾಟಕ ಸಂಘ ಇಲ್ಲಿ ಮಂಜುನಾಥ ವಿದ್ಯಾಲಯವನ್ನೂ ಕಾಲೇಜನ್ನೂ ನಡೆಸುತ್ತಿದೆ. ಹೊರನಾಡಿನ ಸಂಘವೊಂದು ನಾಡಹಬ್ಬ, ಯಕ್ಷಗಾನಗಳಿಗೇ ನಿಲ್ಲದೆ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ.

ಇನ್ನು ಈ ಊರಿನ ಇನ್ನೊಂದು ಮುಖ. ಅದನ್ನು ಮುಚ್ಚಿಟ್ಟು ಹೊಸಬರಿಗೆ ಸಲಹೆ ಕೊಟ್ಟರೆ ಅದು ದ್ರೋಹವಾದೀತು. ಬೆಳಗ್ಗೆ ಎಂಟರ ಸುಮಾರಿಗೆ ಡೊಂಬಿವಲಿಯಲ್ಲಿ ಮುಂಬಯಿಯ ಕಡೆಗಿನ ಫಾಸ್ಟ್ ಗಾಡಿಯನ್ನು ಹತ್ತುವುದೆಂದರೆ ಬಾಗಿಲಿನ ಕಂಬಕ್ಕೆ ಕೈ ತಾಗಿದರೆ ಸಾಕು ಎಂಬ ಸ್ಥಿತಿ. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳ ಬಾಗಿಲುಗಳಲ್ಲಿ ನೇತಾಡುತ್ತಿದ್ದವರು ಹಳಿಯ ಮೇಲೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಆ ದಿನ ನಮ್ಮ ಬಳಗದ ಪ್ರತಿಯೊಬ್ಬರ ಮನೆಯಿಂದಲೂ “ತಲುಪಿದಿರಾ?” ಎಂಬ ಫೋನು ಹೋಯಿತು. ಥಾಣೆ–ದಿವಾ ನಡುವೆ ಐದನೆಯ ಮತ್ತು ಆರನೆಯ ಹಳಿಗಳು 2022ರಲ್ಲಿ ಸಿದ್ಧವಾದವು. ಮುಚ್ಚುವ ಬಾಗಿಲಿನ ಗಾಡಿಗಳ ಮಾತು ಅಪಘಾತದ ನಂತರ ಜೋರಾಯಿತು. ಆದರೆ ಜನ ಅದಕ್ಕಿಂತ ವೇಗವಾಗಿ ಹೆಚ್ಚುತ್ತಿದ್ದಾರೆ.

ಗಾಳಿಯ ವಿಷಯವೂ ಇದೆ. ಊರಿನ ಅಂಚಿನ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರ ಮೇಯಲ್ಲಿ ಒಮ್ಮೆ, 2024ರ ಮೇಯಲ್ಲಿ ಮತ್ತೊಮ್ಮೆ ಭಾರಿ ಸ್ಫೋಟವಾಗಿ ಎರಡು ಸಲವೂ ಹತ್ತಕ್ಕೂ ಹೆಚ್ಚು ಜನ ಸತ್ತರು. ಕಿಲೋಮೀಟರುಗಟ್ಟಲೆ ದೂರದವರೆಗೆ ಕಿಟಕಿಯ ಗಾಜುಗಳು ಒಡೆದವು. 2020ರಲ್ಲಿ ಅಲ್ಲಿನ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆದ್ದರಿಂದ ಡೊಂಬಿವಲಿಯಲ್ಲಿ ಮನೆ ಎಂದರೆ ಯಾವ ಡೊಂಬಿವಲಿ ಎಂದು ಕೇಳಬೇಕು. ಎಂಐಡಿಸಿಯ ಬೇಲಿಗೆ ತಾಗಿದ ಹೊಸ ಗೋಪುರವೂ, ನಿಲ್ದಾಣದ ಬಳಿಯ ಹಳೆಯ ಕಟ್ಟಡವೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಅಸ್ತಮಾ ಇರುವ ಮಗುವನ್ನು ಕರೆದುಕೊಂಡು ಬರುವವರಿಗೆ ಆ ಬೇಲಿಯ ಬಳಿ ಮನೆ ಬೇಡವೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ.

ಕಲ್ಯಾಣ ಎಂದೊಡನೆ ಕನ್ನಡಿಗನ ಮನಸ್ಸು ಬಸವಣ್ಣನವರ ಕಲ್ಯಾಣಕ್ಕೆ ಹೋಗುತ್ತದೆ. ಇದು ಬೇರೆ ಕಲ್ಯಾಣ. ಉಲ್ಲಾಸ ನದಿಯ ಖಾಡಿಯ ದಂಡೆಯ ಹಳೆಯ ಬಂದರು. ಆದರೂ ಕನ್ನಡದ ನಂಟು ಇಲ್ಲದ ನೆಲವಲ್ಲ. ಈ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರು. ಅವರ ಕಾಲದ ಅಂಬರನಾಥದ ಶಿವಾಲಯ ಕಲ್ಯಾಣದಿಂದ ಲೋಕಲ್‌ನಲ್ಲಿ ಕೆಲವೇ ನಿಲ್ದಾಣ ಆಚೆ ಇದೆ. 1060ರ ಶಾಸನವಿರುವ ಗುಡಿ. ಊರಿನಿಂದ ನೆಂಟರು ಬಂದಾಗ ನಾವು ಗೇಟ್‌ವೇ ಆಫ್ ಇಂಡಿಯಾಕ್ಕಿಂತ ಮೊದಲು ಅಲ್ಲಿಗೆ ಕರೆದೊಯ್ಯುತ್ತೇವೆ. ನೆಂಟರಿಗೆ ಅದರಿಂದ ಸಂತೋಷವಾಗುತ್ತದೆಯೋ ಇಲ್ಲವೋ, ಅವರು ಹೇಳಿಲ್ಲ.

ಕಲ್ಯಾಣದ ನಿಜವಾದ ಅನುಕೂಲ ಅದು ಜಂಕ್ಷನ್ ಎಂಬುದು. ಇಲ್ಲಿಂದಲೇ ಹೊರಡುವ ಲೋಕಲ್‌ಗಳಲ್ಲಿ ಕೂರಲು ಜಾಗ ಸಿಗುವ ಸಂಭವವಿದೆ. ಡೊಂಬಿವಲಿಯವರು ಮುಂಬಯಿಗೆ ಹೋಗಲು ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಬಂದು ಅದೇ ಗಾಡಿಯಲ್ಲಿ ಸೀಟು ಹಿಡಿದು ಮುಂದಕ್ಕೆ ಹೋಗುವ ಪದ್ಧತಿಯೇ ಇದೆ. ಪಾಸನ್ನು ಕಲ್ಯಾಣದವರೆಗೆ ಮಾಡಿಸಿಕೊಂಡರಾಯಿತು. ಇನ್ನು ಊರಿನ ದಾರಿ. ಈ ಅಂಶವನ್ನು ಹೊಸಬರು ಪಟ್ಟಿಯಲ್ಲಿ ಬರೆಯುವುದೇ ಇಲ್ಲ. ವರ್ಷಕ್ಕೆ ನಾಲ್ಕು ಸಲ ಮುದುಕರನ್ನು ಊರಿಗೆ ಕರೆದೊಯ್ಯುವವರಿಗೆ ಇದಕ್ಕಿಂತ ದೊಡ್ಡ ಅಂಶವಿಲ್ಲ. ಪುಣೆ, ಸೊಲ್ಲಾಪುರಗಳ ಮೂಲಕ ಕಲಬುರಗಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್, ಮಿರಜ, ಬೆಳಗಾವಿಗಳ ಮೂಲಕ ಹುಬ್ಬಳ್ಳಿಗೆ ಹೋಗುವ ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳು ಕಲ್ಯಾಣದಲ್ಲಿ ನಿಲ್ಲುತ್ತವೆ. ಕರಾವಳಿಯವರ ಗಾಡಿಗಳು ಬೇರೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮತ್ಸ್ಯಗಂಧಾದಂಥ ಗಾಡಿಗಳು ಥಾಣೆಯಲ್ಲಿ ನಿಂತು, ದಿವಾದಲ್ಲಿ ತಿರುಗಿ ಪನ್ವೇಲಿಗೆ ಹೋಗುತ್ತವೆ. ಕಲ್ಯಾಣವನ್ನು ಮುಟ್ಟುವುದೇ ಇಲ್ಲ. ಹೀಗಾಗಿ ಕುಂದಾಪುರದ ತಾಯಿಯನ್ನು ಕಲ್ಯಾಣದಲ್ಲಿಟ್ಟುಕೊಂಡವನು ಪ್ರತಿ ಸಲ ಪೆಟ್ಟಿಗೆಗಳೊಂದಿಗೆ ಲೋಕಲ್ ಹತ್ತಿ ಥಾಣೆಗೆ ಬರಬೇಕು. ಕಲಬುರಗಿಯ ತಾಯಿಯನ್ನು ಖಾರ್ಘರಿನಲ್ಲಿಟ್ಟುಕೊಂಡವನ ಪಾಡು ಇದರ ತಿರುಗುಮುರುಗು. ಊರಿನ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಮನೆ ಮಾಡಿದವರು ನಮ್ಮಲ್ಲಿ ಒಬ್ಬರೇ ಇದ್ದಾರೆ. ನಾವೆಲ್ಲ ಅವರನ್ನು ಆಗ ನಕ್ಕಿದ್ದೆವು.

ಕಲ್ಯಾಣದಲ್ಲಿ ಮನೆ ನೋಡುವವರು ಖಾಡಿ ಎಲ್ಲಿದೆ, ವಾಲಧುನಿ ಎಲ್ಲಿ ಹರಿಯುತ್ತದೆ ಎಂದು ತಿಳಿದುಕೊಳ್ಳಬೇಕು. 2005ರ ಜುಲೈ 26ರ ಮಳೆಯನ್ನು ಮುಂಬಯಿಯವರು ಮೀಠಿ ನದಿಯ ನೆನಪಿನಲ್ಲಿ ಹೇಳುತ್ತಾರೆ. ಈ ಕಡೆಯವರ ನೆನಪಿನಲ್ಲಿರುವುದು ಉಲ್ಲಾಸ ನದಿಯ ನೀರು. ಮನೆಯನ್ನು ನೋಡುವುದಿದ್ದರೆ ಜುಲೈಯಲ್ಲಿ ನೋಡಬೇಕೆಂಬುದು ನಾವು ಎಲ್ಲರಿಗೂ ಹೇಳುವ ಮಾತು. ದಲ್ಲಾಳಿಗಳು ಮಾರ್ಚಿಯಲ್ಲಿ ತೋರಿಸುವ ರಸ್ತೆ ಜುಲೈಯಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಕೆಳಗಿನ ಮನೆಯವರ ಗೋಡೆಯ ಮೇಲೆ ನೀರಿನ ಗೆರೆ ಎಷ್ಟು ಎತ್ತರದಲ್ಲಿದೆಯೆಂದು ಅವರನ್ನೇ ಕೇಳಿದರೆ ಹೇಳುತ್ತಾರೆ.

ಥಾಣೆಯ ವಿಷಯ ಬೇಗ ಮುಗಿಸುತ್ತೇವೆ. ಕೆರೆಗಳ ಊರು, ಬೆನ್ನಿಗೆ ಯೇವೂರಿನ ಕಾಡು, ನಿಲ್ದಾಣದ ಪಶ್ಚಿಮದಲ್ಲಿ ಮಾಸುಂದಾ ಕೆರೆಯ ದಂಡೆಯ ಸಂಜೆ; ಮುಂಬಯಿಗೂ ವಾಶಿಗೂ ಇಲ್ಲಿಂದ ನೇರ ಗಾಡಿ. ಎಲ್ಲ ಅನುಕೂಲಗಳೂ ಒಂದೇ ಕಡೆ ಇರುವ ಊರಿಗೆ ತಕ್ಕ ಬೆಲೆಯೂ ಇದೆ. ಆ ಬೆಲೆ ಕೊಡಲಾಗದವರನ್ನು ಘೋಡ್‌ಬಂದರ್ ರಸ್ತೆ ಕರೆಯುತ್ತದೆ. ನಮ್ಮಲ್ಲೊಬ್ಬರು “ನಿಲ್ದಾಣದಿಂದ ಹದಿನೈದು ನಿಮಿಷ” ಎಂಬ ದಲ್ಲಾಳಿಯ ಮಾತು ನಂಬಿ ಆ ರಸ್ತೆಯ ಇಪ್ಪತ್ತೆರಡನೆಯ ಮಾಳಿಗೆಯಲ್ಲಿ ಮನೆ ಕೊಂಡರು. ಹದಿನೈದು ನಿಮಿಷ ಸುಳ್ಳಲ್ಲ. ರಾತ್ರಿ ಎರಡು ಗಂಟೆಗೆ ಅಷ್ಟೇ ಆಗುತ್ತದೆ. ಸಂಜೆ ಏಳಕ್ಕೆ ಒಂದು ಗಂಟೆ. ಅವರ ತಾಯಿ ಧಾರವಾಡದವರು. ಕಿಟಕಿಯಿಂದ ಕಾಡು ಕಾಣುತ್ತದೆ, ಗಾಳಿ ಬೆಳಕು ಯಥೇಚ್ಛ, ಲಿಫ್ಟಿಗೆ ಕನ್ನಡಿ ಬೇರೆ. ಆರು ತಿಂಗಳಾದ ಮೇಲೆ ಆ ತಾಯಿ ಕೇಳಿದ್ದು ಒಂದೇ ಮಾತು: “ಎಲ್ಲಾ ಛಲೋ ಐತೋ ತಮ್ಮಾ, ಆದರ ನಾ ಯಾರ ಜೋಡಿ ಮಾತಾಡ್ಲಿ?” ಅವರು ಮರಳಿ ಧಾರವಾಡಕ್ಕೆ ಹೋದರು. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಒಬ್ಬರೇ ಇರಲು. ಆ ಮನೆಯ ಕಂತು ಇನ್ನೂ ಹನ್ನೊಂದು ವರ್ಷ ಇದೆ. ಈ ಬರಹಕ್ಕೆ ಮೂಲ ಕಾರಣ ಅದೇ.

ನವಿ ಮುಂಬಯಿಯ ಕಥೆ ಬೇರೆ. ಉಳಿದ ಮೂರು ಊರುಗಳು ತಾವಾಗಿ ಬೆಳೆದವು. ಇದನ್ನು ಕಾಗದದ ಮೇಲೆ ಬರೆದು ಕಟ್ಟಲಾಯಿತು. ಚಾರ್ಲ್ಸ್ ಕೊರಿಯ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಈ ಮೂವರು ಖಾಡಿಯ ಆಚೆ ಹೊಸ ನಗರವೊಂದು ಬೇಕೆಂದು ಅರವತ್ತರ ದಶಕದಲ್ಲಿ ಮಂಡಿಸಿದ ವಿಚಾರ, 1970ರಲ್ಲಿ ಸಿಡ್ಕೊ ಸ್ಥಾಪನೆಯೊಂದಿಗೆ ನೆಲಕ್ಕಿಳಿಯಿತು. 1973ರಲ್ಲಿ ವಾಶಿಯ ರಸ್ತೆ ಸೇತುವೆ, 1992ರಲ್ಲಿ ಮಾನ್‌ಖುರ್ದಿನಿಂದ ವಾಶಿಗೆ ರೈಲು, 2004ರಲ್ಲಿ ಥಾಣೆಯಿಂದ ವಾಶಿಗೆ ಇನ್ನೊಂದು ರೈಲು, 2023ರಲ್ಲಿ ಬೇಲಾಪುರದಿಂದ ಪೆಂಢರ್‌ವರೆಗೆ ಮೆಟ್ರೋ, 2024ರ ಜನವರಿಯಲ್ಲಿ ಶಿವಡಿಯಿಂದ ಸಮುದ್ರದ ಮೇಲೆ ಹಾದುಬರುವ ಅಟಲ್ ಸೇತು. ಮೋರ್ಬೆ ಅಣೆಕಟ್ಟು ಮಹಾನಗರಪಾಲಿಕೆಯ ಸ್ವಂತದ್ದು. ನೀರಿನ ವಿಷಯದಲ್ಲಿ ಡೊಂಬಿವಲಿಯವರು ಇವರನ್ನು ಕಂಡು ಕರುಬುವುದು ಸಹಜ. ಐರೋಳಿ, ಮಹಾಪೆ, ಘನ್ಸೋಲಿಗಳಲ್ಲಿ ಮಾಹಿತಿ ತಂತ್ರಜ್ಞಾನದ ಕಚೇರಿಗಳು ಬಂದ ಮೇಲೆ ಬೆಂಗಳೂರಿನಿಂದ ವರ್ಗವಾಗುವವರು ಕಣ್ಣು ಮುಚ್ಚಿ ಈ ಕಡೆಗೇ ಬೆರಳು ತೋರುತ್ತಾರೆ. ವಾಶಿಯಲ್ಲಿ ನವಿ ಮುಂಬಯಿ ಕನ್ನಡ ಸಂಘವಿದೆ. ನೆರೂಲ್, ಸಾನ್‌ಪಾಡಾಗಳಲ್ಲಿ ಕರಾವಳಿಯವರ ಸಂಖ್ಯೆ ಕಡಿಮೆಯಲ್ಲ.

ಧಾರವಾಡದ ತಾಯಿಯ ಪ್ರಸಂಗದ ನಂತರ, ಹಿರಿಯರಿಗೆ ಹಳೆಯ ಡೊಂಬಿವಲಿಯೇ ಸರಿ, ಸೆಕ್ಟರುಗಳ ಊರು ಬೇಡ ಎಂದು ಬರೆದು ಈ ಲೇಖನವನ್ನು ಮುಗಿಸಲು ಹೊರಟಿದ್ದೆವು. ನೆರೂಲಿನ ನಮ್ಮ ಗೆಳತಿ ತಡೆದರು. ಅವರ ಅತ್ತೆ ಕುಂದಾಪುರದವರು. ಮೊದಲು ಡೊಂಬಿವಲಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಾಳಿಗೆ. ಮಂಡಿ ನೋವು ಶುರುವಾದ ಮೇಲೆ ಎರಡು ವರ್ಷ ಅವರು ಕೆಳಗಿಳಿದದ್ದು ಡಾಕ್ಟರಲ್ಲಿಗೆ ಮಾತ್ರ. ಕಟ್ಟೆಯ ಮಾತುಕತೆ ಕಿಟಕಿಯಿಂದ ಕೇಳುತ್ತಿತ್ತು, ಸೇರಲಾಗುತ್ತಿರಲಿಲ್ಲ. ನೆರೂಲಿಗೆ ಬಂದ ಮೇಲೆ ಲಿಫ್ಟು, ಅಗಲವಾದ ಪಾದಚಾರಿ ಮಾರ್ಗ, ರಸ್ತೆ ದಾಟಿದರೆ ಉದ್ಯಾನ. “ಇಲ್ಲಾರೂ ನಡೂಕ್ ಜಾಗ ಇತ್ತ್ ಮಗಾ” ಎಂದು ಸೊಸೆಯ ಕೈ ಹಿಡಿದುಕೊಂಡು ಹೇಳಿದರಂತೆ. ಉದ್ಯಾನದಲ್ಲಿ ಕೊಂಕಣಿ ಮಾತಾಡುವ ಇಬ್ಬರು ಹೆಂಗಸರು ಸಿಕ್ಕಿದ್ದು ಅದೃಷ್ಟ. ಆದರೆ ಅದೃಷ್ಟ ಸಿಗಬೇಕಾದರೂ ಮೊದಲು ಮನೆಯಿಂದ ಕೆಳಗಿಳಿಯಬೇಕಲ್ಲ?

ಹೀಗೆ ನಮ್ಮ ವಾದಕ್ಕೆ ಬಿರುಕು ಬಿತ್ತು. ಬಿದ್ದದ್ದು ಒಳ್ಳೆಯದೇ ಆಯಿತು. ಯಾವ ಊರು ಎಂದು ನಾವು ತೀರ್ಪು ಕೊಡುವ ಬದಲು, ಮನೆಯಲ್ಲಿ ಉಳಿಯುವವರಿಗೆ ಏನು ಬೇಕೆಂದು ಅವರನ್ನೇ ಕೇಳಿ ಎನ್ನುತ್ತೇವೆ. ಮಾತು ಬೇಕಾದವರಿದ್ದಾರೆ, ನಡಿಗೆ ಬೇಕಾದವರಿದ್ದಾರೆ, ದೇವಸ್ಥಾನದ ಗಂಟೆ ಕೇಳಿದರೆ ಸಾಕೆನ್ನುವವರಿದ್ದಾರೆ. ಮನೆ ನೋಡಲು ಬರುವಾಗ ತಾಯಿಯನ್ನು ಕರೆತರುವ ಮಗನನ್ನು ನಾವು ಇದುವರೆಗೆ ಕಂಡಿಲ್ಲ. ಹೆಂಡತಿಯನ್ನು ಕರೆತರುತ್ತಾರೆ, ಅದೂ ಅಡುಗೆಮನೆಯ ಅಳತೆಗೆ.

ಮಕ್ಕಳ ವಿಷಯದಲ್ಲೂ ಇದೇ ಮಾತು. 2020ರ ಕಾಯಿದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಬೆಂಗಳೂರಿನಿಂದ ಬಂದ ಹತ್ತು ವರ್ಷದ ಹುಡುಗನಿಗೆ ಟ್ಯೂಷನ್ ಹುಡುಕುವ ತಂದೆತಾಯಂದಿರು, ಪಕ್ಕದ ಮನೆಯಲ್ಲಿ ಮರಾಠಿ ಮಾತಾಡುವ ಮಗುವಿದ್ದರೆ ಆರು ತಿಂಗಳಲ್ಲಿ ಆಗುವ ಕೆಲಸವನ್ನು ದುಡ್ಡು ಕೊಟ್ಟು ಮಾಡಿಸುತ್ತಾರೆ. ಮರಾಠಿ ಬಂದರೆ ಕನ್ನಡ ಹೋಗುತ್ತದೆಂಬ ಭಯ ನಮಗಿಲ್ಲ. ನಮ್ಮ ಮನೆಗಳಲ್ಲಿ ಕನ್ನಡ ತಪ್ಪಿದ್ದು ಮರಾಠಿಯಿಂದಲ್ಲ. ಅಜ್ಜಿ ಊರಿಗೆ ಮರಳಿದ್ದರಿಂದ. ಧಾರವಾಡದ ಆ ತಾಯಿ ಹೋದ ಮೇಲೆ ಇಪ್ಪತ್ತೆರಡನೆಯ ಮಾಳಿಗೆಯ ಹುಡುಗಿ ಕನ್ನಡದಲ್ಲಿ ಮಾತಾಡುವುದು ಭಾನುವಾರದ ವಿಡಿಯೊ ಕರೆಯಲ್ಲಿ ಮಾತ್ರ, ಅದೂ “ಊಟ ಆಯ್ತಾ ಅಜ್ಜಿ?” ಎಂಬಷ್ಟು.

ಕಾಗದಪತ್ರಗಳ ಬಗ್ಗೆ ಒಂದು ಎಚ್ಚರಿಕೆ, ಸಾಹಿತ್ಯದ ಬಳಗ ಇದನ್ನೇಕೆ ಬರೆಯುತ್ತದೆ ಎನ್ನಬೇಡಿ. ಕಲ್ಯಾಣ–ಡೊಂಬಿವಲಿ ಪಾಲಿಕೆಯ ವ್ಯಾಪ್ತಿಯಲ್ಲಿ 65 ಕಟ್ಟಡಗಳು ನಕಲಿ ಅನುಮತಿ ಪತ್ರಗಳ ಮೇಲೆ ರೇರಾ ನೋಂದಣಿಯನ್ನೇ ಪಡೆದಿದ್ದವು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಅವುಗಳನ್ನು ಕೆಡವಲು ಆದೇಶಿಸಿತು. ಬ್ಯಾಂಕಿನ ಸಾಲ ಪಡೆದು ಕೊಂಡವರು ಬೀದಿಗಿಳಿದು ಗೋಳಾಡಿದ್ದನ್ನು ನಾವು ಕಂಡಿದ್ದೇವೆ. ನವಿ ಮುಂಬಯಿಯ ದಿಘಾದಲ್ಲೂ 2015ರ ಸುಮಾರಿಗೆ ಇಂಥದೇ ಪ್ರಕರಣ ನಡೆದಿತ್ತು. 2013ರ ಏಪ್ರಿಲಿನಲ್ಲಿ ಮುಂಬ್ರಾ ಬಳಿಯ ಶೀಳ್ ಫಾಟಾದಲ್ಲಿ ಕಟ್ಟುತ್ತಿದ್ದ ಅಕ್ರಮ ಕಟ್ಟಡ ಕುಸಿದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ರೇರಾ ಸಂಖ್ಯೆ ನೋಡಿ ನಿಲ್ಲಬೇಡಿ. ಪಾಲಿಕೆಯ ನಗರರಚನಾ ವಿಭಾಗಕ್ಕೆ ಹೋಗಿ ಕಟ್ಟಡದ ಪರವಾನಗಿ ಅಸಲಿಯೇ ಎಂದು ಕೇಳಿ. ಕಟ್ಟಡ ವಾಸಕ್ಕೆ ಸಿದ್ಧವೆಂದು ಕೊಡುವ ಪತ್ರ ಬೇರೆ; ಅದನ್ನು ಮರಾಠಿಯಲ್ಲಿ ‘ಭೋಗವಟಾ ಪ್ರಮಾಣಪತ್ರ’ ಎನ್ನುತ್ತಾರೆ, ಓಸಿ ಎಂದರೂ ಅದೇ. ಅದಿಲ್ಲದ ಮನೆಗೆ ಮುಂಗಡ ಕೊಡಬೇಡಿ. ಸಾತ್‌ಬಾರಾದಲ್ಲಿ ಜಮೀನು ಯಾರ ಹೆಸರಿನಲ್ಲಿದೆ ನೋಡಿ. ಸಿಡ್ಕೊ ಜಾಗವಾದರೆ ಗುತ್ತಿಗೆಯ ಷರತ್ತುಗಳನ್ನು ಓದಿಸಿಕೊಳ್ಳಿ. “ನಮ್ಮ ಊರಿನವನೇ ಬಿಲ್ಡರ್” ಎಂಬುದು ಕಾಗದಪತ್ರವಲ್ಲ. ಅದನ್ನು ನಂಬಿ ಹಣ ಕಳೆದುಕೊಂಡವರು ನಮ್ಮ ಹನ್ನೊಂದು ಜನರಲ್ಲೇ ಇಬ್ಬರಿದ್ದಾರೆ.

ಎಲ್ಲಕ್ಕಿಂತ ಮೊದಲು, ಕೊಳ್ಳುವ ಅವಸರ ಬೇಡ. ಒಂದು ವರ್ಷ ಬಾಡಿಗೆಗಿರಿ. ಹನ್ನೊಂದು ತಿಂಗಳ ಕರಾರು ಇಲ್ಲಿ ರೂಢಿ. ಅಷ್ಟರಲ್ಲಿ ಒಂದು ಮಳೆಗಾಲ, ಒಂದು ಗಣೇಶ ಚೌತಿ, ಒಂದು ಪರೀಕ್ಷಾಕಾಲ ಕಳೆಯುತ್ತದೆ. ಹಗಲು ಮನೆಯಲ್ಲಿರುವವರ ಮುಖ ಹೇಗಿದೆಯೆಂದು ನೋಡಲು ಅಷ್ಟು ಸಮಯ ಸಾಕು. ಬಾಡಿಗೆ ದಂಡವೆನ್ನುವವರಿಗೆ ನಮ್ಮ ಘೋಡ್‌ಬಂದರಿನ ಗೆಳೆಯರ ಫೋನು ನಂಬರು ಕೊಡುತ್ತೇವೆ.

ಕಳೆದ ತಿಂಗಳು ವಿಜಯಪುರದ ಒಬ್ಬ ತರುಣರು ಫೋನು ಮಾಡಿದ್ದರು. ಐರೋಳಿಯಲ್ಲಿ ಕೆಲಸ, ಹೆಂಡತಿ, ಐದು ವರ್ಷದ ಮಗಳು, ಜೊತೆಗೆ ತಾಯಿ. ಖಾರ್ಘರಿನಲ್ಲಿ ಒಂದು ಮನೆ ನೋಡಿಟ್ಟಿದ್ದೇನೆ, ಮುಂಗಡ ಕೊಡಲೇ ಎಂದು ಕೇಳಿದರು. ತಾಯಿ ಏನನ್ನುತ್ತಾರೆ ಎಂದು ನಾವು ಕೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅವ್ವನ್ನ ಕೇಳಿಲ್ರೀ” ಎಂದರು. ಫೋನನ್ನು ಅವರಿಗೆ ಕೊಡಿ ಎಂದೆವು. ತಾಯಿ ಹತ್ತು ನಿಮಿಷ ಮಾತಾಡಿದರು. ಅವರಿಗೆ ತಿಳಿಯಬೇಕಾದದ್ದು ಮೂರೇ ವಿಷಯ: ಜೋಳದ ಹಿಟ್ಟು ಬೀಸಿಕೊಡುವ ಗಿರಣಿ ಹತ್ತಿರ ಇದೆಯೇ, ಸೊಲ್ಲಾಪುರದ ಕಡೆಯ ಗಾಡಿಗೆ ಎಲ್ಲಿ ಹತ್ತಬೇಕು, ಅಕ್ಕಪಕ್ಕದವರು ಬಾಗಿಲು ತೆರೆದಿಟ್ಟುಕೊಳ್ಳುತ್ತಾರೆಯೇ. ಖಾರ್ಘರಿನ ಮುಂಗಡ ಸದ್ಯಕ್ಕೆ ನಿಂತಿದೆ. ಜುಲೈ ಎರಡನೆಯ ವಾರ ತಾಯಿ ಮಗ ಇಬ್ಬರೂ ಬರುತ್ತಾರೆ. ಒಂದು ದಿನ ಕಲ್ಯಾಣ, ಒಂದು ದಿನ ಡೊಂಬಿವಲಿ, ಒಂದು ದಿನ ನೆರೂಲ್ ಎಂದು ಗೊತ್ತಾಗಿದೆ. ಥಾಣೆಯ ದಿನ ಊಟಕ್ಕೆ ಯಾರ ಮನೆಗೆ ಎಂಬುದಿನ್ನೂ ತೀರ್ಮಾನವಾಗಿಲ್ಲ.